ಬೊಲೊನೀಸ್ ಬಾಟಲಿಯಲ್ಲಿ ಮಾಂಸವೇ ಇಲ್ವಲ್ಲ! ಮಟನ್ ಖೀಮಾದಲ್ಲಿ ಅಸಲಿ ರಗೂ ಮಾಡುವುದು ಹೇಗೆ?

ಭಾನುವಾರದ ಸೌಟು, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮೂರು ಹುಬ್ಬಳ್ಳಿ, ಹನ್ನೊಂದು ವರ್ಷದಿಂದ ಪುಣೆಯ ವಾಕಡ್‌ನಲ್ಲಿದ್ದೇವೆ. ಭಾನುವಾರದ ಅಡುಗೆ ಮನೆಯಲ್ಲಿ ನನ್ನದು. ಮಟನ್ ಸಾರು, ಖೀಮಾ, ಜೋಳದ ರೊಟ್ಟಿ, ಇಷ್ಟರಲ್ಲಿ ಕೈ ಪಳಗಿದೆ. ಈಗ ಮಗಳು ಹೊಸದೊಂದು ಕೇಳಿದ್ದಾಳೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಗೆಳತಿಯ ಮನೆಯಲ್ಲಿ ಬೊಲೊನೀಸ್ ಪಾಸ್ತಾ ತಿಂದು ಬಂದಳು. ಆ ಹುಡುಗಿಯ ಅಪ್ಪ ಕೆಲಸದ ಮೇಲೆ ಮೂರು ವರ್ಷ ಇಟಲಿಯಲ್ಲಿದ್ದವರು. "ಅಪ್ಪಾ, ಅದು ಕೆಂಪಗೆ ಇರಲೇ ಇಲ್ಲ. ಕಂದು ಬಣ್ಣ. ಹುಳಿನೂ ಇಲ್ಲ. ನೀನೂ ಮಾಡು" ಅಂದಳು.

ಕಳೆದ ಭಾನುವಾರ ಮಾಡಿದೆ. ಬೊಲೊನೀಸ್ ಅಂತ ದೊಡ್ಡದಾಗಿ ಬರೆದ ಬಾಟಲಿ ತಂದೆ, 400 ಗ್ರಾಂ. ಮನೆಗೆ ಬಂದು ನೋಡಿದರೆ ಮೇಲೆ ಹಸಿರು ಚುಕ್ಕೆ! ಮಾಂಸದ ಸಾಸ್ ಅಂತ ಹೆಸರು, ಒಳಗೆ ಮಾಂಸವೇ ಇಲ್ಲ. ಆಯ್ತು ಅಂತ ಅರ್ಧ ಕೆಜಿ ಮಟನ್ ಖೀಮಾ ತಂದೆ. ಎಣ್ಣೆಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಿದೆ. ಖೀಮಾ ಹಾಕಿ ಎರಡು ನಿಮಿಷ ಬಿಟ್ಟು ಮೂರು ಟೊಮೆಟೊ ಹೆಚ್ಚಿ ಹಾಕಿದೆ. ಮೇಲೆ ಬಾಟಲಿ ಪೂರ್ತಿ ಸುರಿದು, ಮುಚ್ಚಿ ಇಪ್ಪತ್ತೈದು ನಿಮಿಷ ಬೇಯಿಸಿದೆ. ಬಂದದ್ದು ಸಿಹಿ ಹುಳಿ ಗೊಜ್ಜು. ಖೀಮಾ ಬೇರೆ, ರಸ ಬೇರೆ. ಮಾಂಸ ಕಾಳುಕಾಳಾಗಿ ಹಲ್ಲಿಗೆ ರಬ್ಬರಿನ ಹಾಗೆ ಸಿಗುತ್ತಿತ್ತು. ಮಗಳು ಅರ್ಧ ತಿಂದು ತಟ್ಟೆ ಪಕ್ಕಕ್ಕಿಟ್ಟಳು. "ಚೆನ್ನಾಗಿದೆ ಅಪ್ಪ, ಆದ್ರೆ ಇದು ಅದಲ್ಲ" ಅಂದಳು. ಮನಸ್ಸಿಗೆ ಕಷ್ಟ ಆಯಿತು.

ದಯವಿಟ್ಟು ಗೊತ್ತಿದ್ದವರು ತಿಳಿಸಿ. ಬೊಲೊನೀಸ್ ಅಂತ ಹೆಸರಿಟ್ಟು ಮಾಂಸ ಯಾಕೆ ಹಾಕುವುದಿಲ್ಲ? ಅಸಲಿಯದಕ್ಕೆ ಎಷ್ಟು ಟೊಮೆಟೊ ಬೇಕು? ನಮ್ಮ ಮನೆಯಲ್ಲಿ ದನದ ಮಾಂಸ, ಹಂದಿ ಮಾಂಸ ಎರಡೂ ಇಲ್ಲ, ಮಟನ್‌ನಲ್ಲಿ ಮಾಡಿದರೆ ನಡೆಯುತ್ತದಾ? ಕೆಲವರು ಹಾಲು ಹಾಕಬೇಕು ಅನ್ನುತ್ತಾರೆ. ಹಾಲು, ಮಾಂಸ ಕೂಡಿಸಬಾರದು ಅಂತ ಅವ್ವ ಹೇಳುತ್ತಾಳೆ. ಹಾಲು ಬೇಕೇ ಬೇಕಾ?

ಗ್ಯಾಲಿ ಅಡುಗೆಯವ, ವಾಸ್ಕೊ

ನಮಸ್ಕಾರ ಸರ್. ನಾನು ಅಂಕೋಲೆಯವನು. ಹದಿನಾರು ವರ್ಷ ಕ್ರೂಸ್ ಹಡಗುಗಳ ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ ದುಡಿದೆ. ಈಗ ಗೋವಾದ ವಾಸ್ಕೊದಲ್ಲಿ ಮನೆ ಮಾಡಿಕೊಂಡಿದ್ದೇನೆ. ಹಡಗಿನಲ್ಲಿ ಐದು ವರ್ಷ ನನ್ನ ಮೇಲಿದ್ದ ಶೆಫ್ ಇಟಲಿಯ ಬೊಲೊನ್ಯಾ ಊರಿನವರೇ. ಬೊಲೊನೀಸ್ ಅಂದರೆ ಬೊಲೊನ್ಯಾದ್ದು ಅಂತಲೇ ಅರ್ಥ. ಆ ಸಾಸ್‌ಗೆ ಅಲ್ಲಿ ರಗೂ ಅಂತಾರೆ.

ಎಲ್ಲಿ ತಪ್ಪಿತು ಅಂತ ನಿಮ್ಮ ಪೋಸ್ಟ್‌ನಲ್ಲೇ ಇದೆ. "ಎರಡು ನಿಮಿಷ ಬಿಟ್ಟು ಟೊಮೆಟೊ" ಅಂತ ಬರೆದಿದ್ದೀರಲ್ಲ, ಅಲ್ಲೇ.

ಖೀಮಾ ಬಿಸಿ ಪಾತ್ರೆಗೆ ಬಿದ್ದ ಕೂಡಲೇ ನೀರು ಬಿಡುತ್ತದೆ. ಬಣ್ಣ ಬೂದಿಯಾಗುತ್ತದೆ. ಆಗ ಬರುವುದು ನೀರು ಕುದಿಯುವ ಸದ್ದು, ಬುಸುಬುಸು ಅಂತ. ಅದು ಹುರಿಯುವುದಲ್ಲ, ಬೇಯುವುದು. ಅಷ್ಟರಲ್ಲೇ ಟೊಮೆಟೊ ಹಾಕಿದರೆ ಮಾಂಸ ಕೊನೆಯವರೆಗೂ ಹುಳಿ ನೀರಿನಲ್ಲೇ ಬೇಯುತ್ತದೆ. ಹುರಿದ ರುಚಿ ಹುಟ್ಟುವುದೇ ಇಲ್ಲ. ನೀವು ಕಾಯಬೇಕು. ಹತ್ತು ನಿಮಿಷ ಆಗಬಹುದು, ಹದಿನೈದೂ ಆಗಬಹುದು. ನೀರೆಲ್ಲ ಆರಿ ಕೊಬ್ಬು ಮೇಲೆ ಬರುತ್ತದೆ. ಆಗ ಸದ್ದು ಬದಲಾಗುತ್ತದೆ. ಬುಸುಬುಸು ಹೋಗಿ ಚಟಪಟ ಶುರುವಾಗುತ್ತದೆ. ನಮ್ಮ ಶೆಫ್ ಪಾತ್ರೆಯ ಕಡೆ ನೋಡುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿ ಬೇರೆ ಕೆಲಸ ಮಾಡುತ್ತಾ ಕಿವಿ ಮಾತ್ರ ಇತ್ತ ಇಡುತ್ತಿದ್ದರು. ಸದ್ದು ಬದಲಾದ ಕ್ಷಣಕ್ಕೆ ಕೈ ಎತ್ತುತ್ತಿದ್ದರು, ನಾನು ವೈನ್ ಸುರಿಯುತ್ತಿದ್ದೆ. ನಮ್ಮಲ್ಲಿ ಮಸಾಲೆ ಎಣ್ಣೆ ಬಿಡುವವರೆಗೆ ಹುರಿಯುತ್ತೇವಲ್ಲ, ಅದೇ ತಾಳ್ಮೆ ಇದು. ನಿಮಗೆ ಮಟನ್ ಸಾರು ಬರುತ್ತದೆ ಅಂದಮೇಲೆ ಇದೂ ಬರುತ್ತದೆ.

ಎರಡನೆಯದು ಟೊಮೆಟೊ ಲೆಕ್ಕ. ರಗೂ ಅಂದರೆ ಮಾಂಸದ ಅಡುಗೆ, ಟೊಮೆಟೊ ಅದಕ್ಕೆ ಬಂದ ನೆಂಟ. ಅರ್ತೂಸಿ ಅನ್ನುವ ಇಟಲಿಯ ಅಡುಗೆ ಪುಸ್ತಕದ ಲೇಖಕರು 1891ರಲ್ಲಿ ಅಚ್ಚು ಹಾಕಿಸಿದ ಬೊಲೊನ್ಯಾ ಶೈಲಿಯ ಸಾಸ್‌ನಲ್ಲಿ ಎಳೆಗರುವಿನ ಮಾಂಸ, ಉಪ್ಪು ಹಾಕಿದ ಹಂದಿ ಮಾಂಸ, ಬೆಣ್ಣೆ, ತರಕಾರಿ, ಸಾರು ಎಲ್ಲ ಇದೆ, ಟೊಮೆಟೊ ಇಲ್ಲ. ಇಟಲಿಯ ಅಡುಗೆ ಅಕಾಡೆಮಿಯವರು 1982ರ ಅಕ್ಟೋಬರ್ 17ರಂದು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ಒಂದು ರೆಸಿಪಿ ದಾಖಲು ಮಾಡಿಸಿದರು. ಅದರಲ್ಲಿ 300 ಗ್ರಾಂ ದನದ ಮಾಂಸ, 150 ಗ್ರಾಂ ಪಾಂಚೆತ್ತಾ, ಅಂದರೆ ಉಪ್ಪಿನಲ್ಲಿ ಹದ ಮಾಡಿದ ಹಂದಿಯ ಹೊಟ್ಟೆ ಭಾಗ. ಟೊಮೆಟೊ ಸಾಸ್ ಎಷ್ಟು ಗೊತ್ತಾ? ಐದು ಚಮಚ! 2023ರ ಏಪ್ರಿಲ್ 20ರಂದು ಅದನ್ನು ತಿದ್ದಿ ಮತ್ತೆ ದಾಖಲಿಸಿದರು. ಈಗ 400 ಗ್ರಾಂ ದನದ ಮಾಂಸ, 150 ಗ್ರಾಂ ತಾಜಾ ಪಾಂಚೆತ್ತಾ, 200 ಗ್ರಾಂ ಸೋಸಿದ ಟೊಮೆಟೊ, ಜೊತೆಗೆ ಒಂದು ಚಮಚ ಗಟ್ಟಿ ಪೇಸ್ಟ್. ನೀವು ಅರ್ಧ ಕೆಜಿ ಖೀಮಾಗೆ 400 ಗ್ರಾಂ ಬಾಟಲಿ, ಮೇಲೆ ಮೂರು ಟೊಮೆಟೊ ಹಾಕಿದ್ದೀರಿ. ಮಾಂಸಕ್ಕಿಂತ ಹುಳಿಯೇ ಜಾಸ್ತಿ ಆಯಿತಲ್ವಾ?

ಮಟನ್ ಬಗ್ಗೆ ಬೇಜಾರು ಬೇಡ. ಅಬ್ರುತ್ಸೋ ಅಂತ ಇಟಲಿಯ ಒಂದು ಸೀಮೆ ಇದೆ. ಗುಡ್ಡಗಾಡು, ಕುರಿ ಕಾಯುವವರ ನಾಡು. ಅಲ್ಲಿ ರಗೂಗೆ ಕುರಿಮರಿ ಮಾಂಸವನ್ನೂ ಹಾಕುತ್ತಾರೆ. ಅದರ ಜೊತೆಗಿನ ಪಾಸ್ತಾ ಇನ್ನೂ ಚಂದ. ಮರದ ಚೌಕಟ್ಟಿಗೆ ಸಾಲಾಗಿ ತಂತಿ ಬಿಗಿದಿರುತ್ತಾರೆ. ಲಟ್ಟಿಸಿದ ಹಿಟ್ಟನ್ನು ಅದರ ಮೇಲಿಟ್ಟು ಲಟ್ಟಣಿಗೆಯಿಂದ ಒತ್ತಿದರೆ ಎಳೆಎಳೆಯಾಗಿ ಕೆಳಗೆ ಬೀಳುತ್ತದೆ. ನಮ್ಮಜ್ಜಿಯ ಶಾವಿಗೆ ಒರಳು ನೆನಪಾಗುತ್ತಿತ್ತು. ವೆನೆಟೊ ಸೀಮೆಯಲ್ಲಿ ಬಾತುಕೋಳಿ ಹಾಕುತ್ತಾರೆ, ಟಸ್ಕನಿಯಲ್ಲಿ ಕಾಡುಹಂದಿ. ಹಾಗಾಗಿ ನಿಮ್ಮದು ಬೊಲೊನ್ಯಾದ ರಗೂ ಆಗದಿರಬಹುದು. ಆದರೆ ರಗೂ ಹೌದು.

ಈಗ ಮಾಡುವ ಬಗೆ ಹೇಳುತ್ತೇನೆ. ಕಟುಕರಿಗೆ ಭುಜದ ಭಾಗ ಕೊಡಲು ಹೇಳಿ. ಚರ್ಬಿ ತೆಗೆಸಬೇಡಿ, ಯಾಕೆಂದರೆ ನಿಮಗೆ ಪಾಂಚೆತ್ತಾ ಇಲ್ಲ, ಆ ಕೆಲಸ ಚರ್ಬಿಯೇ ಮಾಡಬೇಕು. ಮಶೀನಿನಲ್ಲಿ ಒಂದೇ ಸಲ ತೆಗೆಸಿ, ದಪ್ಪವಾಗಿರಲಿ. ಎರಡು ಸಲ ತೆಗೆದ ಖೀಮಾ ಕಬಾಬಿಗೆ ಸರಿ, ಇದಕ್ಕೆ ಬೇಡ. ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು ತಲಾ 60 ಗ್ರಾಂ, ಸಣ್ಣಗೆ ಹೆಚ್ಚಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಬೆಣ್ಣೆ, ಎರಡು ಚಮಚ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಮೆತ್ತಗಾಗಿಸಿ. ಕೆಂಪಗೆ ಮಾಡಬೇಡಿ. ಇಲ್ಲಿ ನಮ್ಮ ಕೈ ಸುಮ್ನೆ ಇರುವುದಿಲ್ಲ, ಉರಿ ಜಾಸ್ತಿ ಮಾಡಿ ಬಿರಿಯಾನಿ ಈರುಳ್ಳಿಯ ಹಾಗೆ ಹುರಿದುಬಿಡುತ್ತೇವೆ. ತಡೆದುಕೊಳ್ಳಿ. ಆಮೇಲೆ ಖೀಮಾ, ಆಮೇಲೆ ಆ ಸದ್ದು. ಸದ್ದು ಬಂದಮೇಲೆ ಅರ್ಧ ಲೋಟ ವೈನ್. ನಾಶಿಕ್‌ನ ಸಿಹಿಯಿಲ್ಲದ ಬಿಳಿ ವೈನ್ ಸಾಕು. ಮನೆಯಲ್ಲಿ ವೈನ್ ಬೇಡ ಅಂದರೆ ಬಿಸಿ ಮಟನ್ ಸಾರು ಸ್ವಲ್ಪ ಹಾಕಿ ತಳ ಕೆರೆದುಕೊಳ್ಳಿ, ತಳದಲ್ಲಿ ಅಂಟಿರುವುದೇ ರುಚಿ. ವೈನ್ ಆರಿದ ಮೇಲೆ ಸೋಸಿದ ಟೊಮೆಟೊ 200 ಗ್ರಾಂ, ಪೇಸ್ಟ್ ಒಂದು ಚಮಚ, ಮುಳುಗುವಷ್ಟು ಬಿಸಿ ಸಾರು. ಮುಚ್ಚಳ ಓರೆ ಮಾಡಿ ಅತಿ ಸಣ್ಣ ಉರಿಯಲ್ಲಿ ಮೂರು ಗಂಟೆ. ಗೋವಿನ ಮಾಂಸಕ್ಕೆ ಎರಡು ಗಂಟೆಯಲ್ಲೂ ಆಗುತ್ತದೆ, ನಮ್ಮ ಆಡಿನ ಮಾಂಸ ಸ್ವಲ್ಪ ಹಟಮಾರಿ. ನಡುನಡುವೆ ಸೌಟು ಸೌಟಾಗಿ ಬಿಸಿ ಸಾರು ಹಾಕಿ, ತಳ ಹಿಡಿಯದ ಹಾಗೆ ನೋಡಿಕೊಳ್ಳಿ. ಉಪ್ಪು ಕೊನೆಯಲ್ಲಿ, ಯಾಕೆಂದರೆ ರಸ ಇಂಗಿದ ಹಾಗೆ ಉಪ್ಪು ಏರುತ್ತದೆ. ಬೆಳ್ಳುಳ್ಳಿ, ಒಣಸೊಪ್ಪು, ಖಾರದಪುಡಿ, ಸಕ್ಕರೆ ಯಾವುದೂ ಬೇಡ.

ಹಾಲು ಟೊಮೆಟೊದ ಹುಳಿಯನ್ನು ಮೆದು ಮಾಡುತ್ತದೆ. 2023ರ ರೆಸಿಪಿಯಲ್ಲಿ ಬೇಕಿದ್ದರೆ ಹಾಕಿ ಅಂತಲೇ ಇದೆ. ಅಮ್ಮನ ಮಾತು ಮೀರಬೇಡಿ. ಕ್ಯಾರೆಟ್ ಒಂದು ಹಿಡಿ ಜಾಸ್ತಿ ಹಾಕಿ, ಸಾಕು.

ಪಾಸ್ತಾ ಸ್ಪಗೆಟ್ಟಿ ಬೇಡ, ಅಗಲವಾದ ತಲ್ಯತೆಲ್ಲೆ ತನ್ನಿ. ಬೊಲೊನ್ಯಾದವರು ತಲ್ಯತೆಲ್ಲೆಯ ಅಗಲವನ್ನೂ 1972ರಲ್ಲಿ ದಾಖಲು ಮಾಡಿಸಿದ್ದಾರೆ, ಬೆಂದ ಮೇಲೆ 8 ಮಿಲಿಮೀಟರ್ ಇರಬೇಕು ಅಂತ. 2019ರಲ್ಲಿ ಆ ಊರಿನ ಮೇಯರ್, ಸ್ಪಗೆಟ್ಟಿ ಬೊಲೊನೀಸ್ ಅನ್ನುವುದು ನಮ್ಮೂರಲ್ಲಿ ಇಲ್ಲವೇ ಇಲ್ಲ ಅಂತ ಸಾರಿ ಹೇಳಿದ್ದರು. ಅವರಿಗೆ ಅಷ್ಟು ಅಭಿಮಾನ. ಅದರಲ್ಲಿ ಕಾರಣವೂ ಇದೆ. ಸಪೂರ ಎಳೆಗೆ ದಪ್ಪ ರಗೂ ಹತ್ತುವುದಿಲ್ಲ, ತಟ್ಟೆಯ ತಳದಲ್ಲಿ ಉಳಿಯುತ್ತದೆ. ಅಗಲ ಪಟ್ಟಿಗೆ ಅಂಟಿಕೊಂಡು ಬಾಯಿಗೆ ಬರುತ್ತದೆ.

ಲೇಬಲ್ ಓದುವ ಅಕ್ಕ, ಠಾಣೆ

ವಾಸ್ಕೊದ ಅಣ್ಣ ಅಡುಗೆ ಹೇಳಿದ್ದಾರೆ, ನಾನು ಬಾಟಲಿ ಹೇಳುತ್ತೇನೆ. ಸಾಸ್ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ಹದಿಮೂರು ವರ್ಷದಿಂದ ಮಾಡುತ್ತಿದ್ದೇನೆ.

ಬಾಟಲಿಯಲ್ಲಿ ಮಾಂಸ ಯಾಕಿಲ್ಲ ಅಂದರೆ, ಕಾರಣ ಹುಳಿ. ಟೊಮೆಟೊ ತಾನೇ ಹುಳಿ. ಹುಳಿಯ ಅಳತೆಗೆ ಪಿಎಚ್ ಅಂತೀವಿ, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಅದು 4.6ಕ್ಕಿಂತ ಕೆಳಗಿದ್ದರೆ ಬಾಟುಲಿನಮ್ ಅನ್ನುವ ವಿಷದ ಬ್ಯಾಕ್ಟೀರಿಯಾ ಬೆಳೆಯಲಾರದು. ಅದಕ್ಕೇ ಟೊಮೆಟೊ ಸಾಸನ್ನು ಸುಮಾರು 90 ಡಿಗ್ರಿಗೆ ಕಾಯಿಸಿ ಬಿಸಿಬಿಸಿ ತುಂಬಿ ಮುಚ್ಚಳ ಹಾಕಿದರೆ ಫ್ರಿಜ್ ಇಲ್ಲದೆ ಅಂಗಡಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ ಮಾಂಸ ಧಾರಾಳವಾಗಿ ಬೆರೆಸಿದರೆ, ಹಾಲು ಹಾಕಿದರೆ, ಪಿಎಚ್ ಮೇಲೆ ಏರುತ್ತದೆ. ಆಗ ಬರೀ ಬಿಸಿ ಸಾಲದು. ಮುಚ್ಚಿದ ಡಬ್ಬಿಯನ್ನೇ ದೊಡ್ಡ ಪ್ರೆಶರ್ ಪಾತ್ರೆಯಲ್ಲಿಟ್ಟು 121 ಡಿಗ್ರಿಯಲ್ಲಿ ಬೇಯಿಸಬೇಕು. ಅದಕ್ಕೆ ರಿಟಾರ್ಟ್ ಅಂತೀವಿ. ಬೇರೆ ಯಂತ್ರ, ಬೇರೆ ಲೈಸೆನ್ಸ್, ಮಾಂಸಕ್ಕೆ ಬೇರೆ ಲೈನು. ಟೊಮೆಟೊ ಮಾತ್ರ ತುಂಬುವುದು ಸುಲಭ. ಇಟಲಿಯ ಅಂಗಡಿಗಳಲ್ಲಿ ಮಾಂಸ ಇರುವ ರಗೂ ಜಾರುಗಳು ಸಿಗುತ್ತವೆ. ಬ್ರಿಟನ್ನಿನಲ್ಲಿ ಮನೆಮಾತಾಗಿರುವ ಡಾಲ್ಮಿಯೊ ಬೊಲೊನೀಸ್ ಜಾರಿನಲ್ಲಿ ಇರುವುದು ಟೊಮೆಟೊ ಸಾಸ್, ಖೀಮಾ ನೀವು ಹಾಕಿಕೊಳ್ಳಬೇಕು.

ಅಮೆರಿಕದ್ದು ಇನ್ನೊಂದು ಕಥೆ. 1937ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಕಾಂತಿಸಾನೊ ಅನ್ನುವ ಇಟಾಲಿಯನ್ ಗಂಡ ಹೆಂಡತಿ ಮನೆಯಲ್ಲಿ ಸಾಸ್ ಕುದಿಸಿ ಮಾರಲು ಶುರು ಮಾಡಿದರು. ಹೆಸರು ರಗೂ ಅಂತಲೇ ಇಟ್ಟರು. ವ್ಯಾಪಾರ ಬೆಳೆಯಿತು, 1969ರಲ್ಲಿ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಇವತ್ತು ಆ ಹೆಸರಿನ ಮಾಮೂಲಿ ಬಾಟಲಿ ತೆರೆದರೆ ಟೊಮೆಟೊ, ಎಣ್ಣೆ, ಸಕ್ಕರೆ, ಚೀಸ್. ಮಾಂಸದ ಅಡುಗೆಯ ಹೆಸರು ಹೀಗೆ ಕೆಂಪು ಸಾಸ್‌ಗೆ ಅಂಟಿಕೊಂಡಿತು. ಆ ಹೆಸರಿನ ಮೂಲ ಫ್ರೆಂಚ್, ರುಚಿ ಎಬ್ಬಿಸುವುದು ಅಂತ ಅರ್ಥ.

ಬಾಟಲಿ ಮಾಡುವವರು ಮೋಸ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಅಣ್ಣ ಹೇಳಿದ ಮೂರು ಗಂಟೆ ಕಾರ್ಖಾನೆಯಲ್ಲಿ ಸಿಗುವುದಿಲ್ಲ, ಅಷ್ಟೇ. ಮೂರು ಗಂಟೆಯಲ್ಲಿ ತಾನಾಗಿ ಬರುವ ದಪ್ಪವನ್ನು ಸ್ಟಾರ್ಚ್ ಕೊಡುತ್ತದೆ, ಲೇಬಲ್ ಮೇಲೆ 1422 ಅಂತ ನಂಬರ್ ಇರುತ್ತದೆ. ಮೂರು ಗಂಟೆಯಲ್ಲಿ ಮೆತ್ತಗಾಗುವ ಹುಳಿಯನ್ನು ಸಕ್ಕರೆ ಮುಚ್ಚುತ್ತದೆ. ನಿಮಗೆ ಸಿಹಿ ಹುಳಿ ಗೊಜ್ಜು ಅನ್ನಿಸಿದ್ದು ಅದಕ್ಕೇ. ಲೇಬಲ್‌ನಲ್ಲಿ ಪದಾರ್ಥಗಳನ್ನು ತೂಕದ ಲೆಕ್ಕದಲ್ಲಿ ಬರೆಯುತ್ತಾರೆ, ಜಾಸ್ತಿ ಇರುವುದು ಮೊದಲು. ಸಕ್ಕರೆ ಎರಡನೆಯದೋ ಮೂರನೆಯದೋ ಆಗಿದ್ದರೆ ವಾಪಸ್ ಇಡಿ. ಬರೀ ಟೊಮೆಟೊ, ಉಪ್ಪು ಇರುವ ಪಸ್ಸಾತಾ ಬಾಟಲಿ ಸಿಗುತ್ತದೆ, ಅದನ್ನು ತನ್ನಿ. ಟೊಮೆಟೊ ಸೋಸುವ ಕೆಲಸ ತಪ್ಪುತ್ತದೆ. ಬಾಟಲಿಯಿಂದ ಅಷ್ಟು ಸಹಾಯ ತೆಗೆದುಕೊಳ್ಳಿ, ರಗೂ ಮಾತ್ರ ನಿಮ್ಮ ಒಲೆಯಲ್ಲೇ ಆಗಲಿ.

ಕಿಂಗ್ಸ್ ಸರ್ಕಲ್, ಮುಂಬೈ

ಮೂರು ಗಂಟೆ ಗ್ಯಾಸ್ ಉರಿಸುವುದು ಎಲ್ಲರಿಗೂ ಆಗುತ್ತದಾ ಅಣ್ಣ? ನಾವು ಮಾಟುಂಗಾದಲ್ಲಿ ಒಂದೂವರೆ ರೂಮಿನಲ್ಲಿರುವವರು. ಕುಕ್ಕರಿನಲ್ಲಿ ಆರು ಸೀಟಿ ಹೊಡೆಸಿದರೆ ಆಗಲ್ವಾ?

ಗ್ಯಾಲಿ ಅಡುಗೆಯವ, ವಾಸ್ಕೊ

ಮಾಂಸ ಮೆತ್ತಗಾಗುತ್ತದೆ ತಮ್ಮಾ, ಆದರೆ ಕುಕ್ಕರಿನಿಂದ ನೀರು ಅಷ್ಟಾಗಿ ಹೊರಗೆ ಹೋಗುವುದಿಲ್ಲ. ರಗೂ ಆಗುವುದೇ ನೀರು ಹೋಗಿ. ಗ್ಯಾಸ್ ಉಳಿಸಬೇಕು ಅಂದರೆ ಖೀಮಾ ಹುರಿಯುವುದನ್ನು ತೆರೆದೇ ಮಾಡು, ಸದ್ದು ಬರಲಿ. ಟೊಮೆಟೊ, ಸ್ವಲ್ಪವೇ ಸಾರು ಹಾಕಿ ಕುಕ್ಕರ್ ಮುಚ್ಚು. ಮೂರು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಪ್ರೆಶರ್ ಇಳಿದ ಮೇಲೆ ಮುಚ್ಚಳ ತೆಗೆದು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಡು. ಎರಡು ಪಟ್ಟು ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಎರಡನೇ ದಿನ ರುಚಿ ಏರುತ್ತದೆ.

ನೇಪಲ್ಸ್‌ನವರು ಇದಕ್ಕೆ ಒಂದು ಮಾತು ಇಟ್ಟುಕೊಂಡಿದ್ದಾರೆ, ಪಿಪ್ಪಿಯಾರೆ ಅಂತ. ಅವರ ರಗೂ ಬೇರೆ. ಖೀಮಾ ಅಲ್ಲ, ದೊಡ್ಡ ದೊಡ್ಡ ಮಾಂಸದ ತುಂಡುಗಳು. ಟೊಮೆಟೊನೂ ಧಾರಾಳ. ಭಾನುವಾರ ಬೆಳಿಗ್ಗೆಯೇ ಒಲೆಗೇರುತ್ತದೆ, ಸಾಸ್ ಪಾಸ್ತಾಗೆ, ತುಂಡುಗಳು ಆಮೇಲೆ ಬೇರೆ ತಟ್ಟೆಯಲ್ಲಿ. ಆ ಸಾಸ್ ಕೊತಕೊತ ಕುದಿಯಬಾರದು. ಒಂದು ಗುಳ್ಳೆ ಮೇಲೆ ಬಂದು ಪುಟ್ ಅಂತ ಒಡೆಯಬೇಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆ ಸದ್ದಿಗೇ ಆ ಹೆಸರು.

ಟೊಮೆಟೊನೇ ಬೇಡ ಅನ್ನುವವರಿಗೆ ಅದೇ ನೇಪಲ್ಸ್‌ನ ಜೆನೊವೇಸೆ ಇದೆ. ಒಂದು ಕೆಜಿ ಮಾಂಸಕ್ಕೆ ಒಂದೂವರೆ, ಎರಡು ಕೆಜಿ ಈರುಳ್ಳಿ. ನಾಲ್ಕು ಗಂಟೆಯಲ್ಲಿ ಈರುಳ್ಳಿ ಕರಗಿ ಜೇನಿನ ಬಣ್ಣಕ್ಕೆ ಬರುತ್ತದೆ. ನೀವು ಪುಣೆ, ಮುಂಬೈಯವರು, ನಾಶಿಕ್ ಈರುಳ್ಳಿ ಬಾಗಿಲಿಗೇ ಬರುತ್ತದೆ. ಮಟನ್‌ಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ.

ಭಾನುವಾರದ ಸೌಟು, ಪುಣೆ

ಅಣ್ಣ, ಅಕ್ಕ, ಇಬ್ಬರಿಗೂ ಧನ್ಯವಾದ. ಇವತ್ತು ಮಾಡಿದೆ.

ಬೆಳಿಗ್ಗೆ ಏಳಕ್ಕೆ ಕ್ಯಾಂಪ್‌ನ ಶಿವಾಜಿ ಮಾರ್ಕೆಟ್‌ಗೆ ಹೋದೆ. ಭುಜದ ಮಾಂಸ, ಚರ್ಬಿ ಸಮೇತ, ಮಶೀನಿಗೆ ಒಂದೇ ಸಲ. ಅಂಗಡಿಯವರು ಎರಡನೇ ಸಲ ಹಾಕಲು ಹೊರಟಿದ್ದರು, ಕೈ ಹಿಡಿದು ನಿಲ್ಲಿಸಿದೆ. ಎಲುಬಿನಿಂದ ಸಾರು ಮಾಡಿಟ್ಟುಕೊಂಡೆ. ಪಸ್ಸಾತಾ ಬಾಟಲಿಯ ಹಿಂದೆ ಓದಿದೆ, ಟೊಮೆಟೊ, ಉಪ್ಪು, ಅಷ್ಟೇ. ವೈನ್ ಹಾಕಲಿಲ್ಲ, ಹಾಲೂ ಹಾಕಲಿಲ್ಲ.

ಖೀಮಾ ಹಾಕಿದ ಮೇಲೆ ಮಗಳನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡೆ. ಫೋನಿನಲ್ಲಿ ಟೈಮ್ ಇಟ್ಟಳು. ಎಂಟು ನಿಮಿಷ, ಹತ್ತು ನಿಮಿಷ, ಬರೀ ನೀರಿನ ಸದ್ದು. ಟೊಮೆಟೊ ಹಾಕಿಬಿಡೋಣ ಅಂತ ಕೈ ಹೋಯಿತು, ಅವಳೇ ಬೇಡ ಅಂದಳು. ಹದಿನಾಲ್ಕನೇ ನಿಮಿಷಕ್ಕೆ ಚಟ್ ಅಂತ ಒಂದು, ಆಮೇಲೆ ನಾಲ್ಕೈದು, ಆಮೇಲೆ ಪಾತ್ರೆ ತುಂಬ. "ಅಪ್ಪಾ, ಬಂತು!" ಅಂತ ಕೂಗಿದಳು. ತಳದಲ್ಲಿ ಕಂದು ಪದರ ಹಿಡಿದಿತ್ತು. ಸಾರು ಸುರಿದು ಕೆರೆದಾಗ ಬಂದ ವಾಸನೆಗೆ ಅವ್ವ ಹಾಲ್‌ನಿಂದ ಎದ್ದು ಬಂದಳು.

ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು. ಇಟ್ಟಿಗೆಯ ಬಣ್ಣ, ಎಣ್ಣೆ ಅಂಚಿನಲ್ಲಿ ನಿಂತಿತ್ತು, ಮಾಂಸ ನಾಲಿಗೆಯಲ್ಲೇ ಒಡೆಯುತ್ತಿತ್ತು. ಮಗಳು ಒಂದು ತುತ್ತು ತಿಂದು ತಲೆಯಾಡಿಸಿದಳು, ಏನೂ ಹೇಳಲಿಲ್ಲ. ಎರಡನೇ ಸಲ ತಾನೇ ಬಡಿಸಿಕೊಂಡಳು. ಅವ್ವ ಪಾಸ್ತಾ ಬೇಡ ಅಂದು ಅದನ್ನೇ ಜೋಳದ ರೊಟ್ಟಿಯ ಜೊತೆ ಉಂಡಳು, ಪಕ್ಕದಲ್ಲಿ ಹಸಿ ಈರುಳ್ಳಿ.

ಒಂದು ಸಣ್ಣ ಡಬ್ಬಿ ಉಳಿದಿದೆ. ಫ್ರಿಜ್‌ನಲ್ಲಿಟ್ಟಿದ್ದೇನೆ, ನಾಳೆ ರುಚಿ ನೋಡಿ ಬರೆಯುತ್ತೇನೆ. ಅಣ್ಣ, ಜೆನೊವೇಸೆಗೆ ಬಿಳಿ ಈರುಳ್ಳಿ ತರಲಾ, ಕೆಂಪಾ?